ನಾಳೆ ತಿಂಡಿಗೇನು ಎಂದು ಯಾರೂ ಕೇಳದ ಎರಡು ದಿನ

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈ ವೇದಿಕೆಯಲ್ಲಿ ಪ್ರವಾಸದ ಬಗ್ಗೆ ಮಾತಾಡಿದವರು ಬಹಳ ಮಂದಿ ಇದ್ದಾರೆ. ಕಾಶಿಗೆ ಹೋಗಿ ಬಂದವರು, ಮುಕ್ತಿನಾಥಕ್ಕೆ ಹೋಗಿ ಬಂದವರು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಅಲ್ಲಿಯ ಅಡುಗೆಮನೆಯನ್ನೇ ನೋಡಿ ಬಂದವರು. ನನ್ನದು ಬರೀ ಎರಡು ರಾತ್ರಿಯ ಪ್ರವಾಸ. ಚೆನ್ನೈ ಬಂದರಿನಿಂದ ಹೊರಟು, ಯಾವ ಊರಿಗೂ ಹೋಗದೆ, ಸಮುದ್ರದಲ್ಲೇ ಸುತ್ತಿ, ಮತ್ತೆ ಚೆನ್ನೈ ಬಂದರಿಗೇ ಬಂದು ಇಳಿಯುವ ಪ್ರವಾಸ. "ಎಲ್ಲಿಗೂ ಹೋಗದೆ ಬರುವುದಕ್ಕೆ ದುಡ್ಡು ಕೊಡಬೇಕಾ ಮಾರಾಯ್ತಿ?" ಎಂದು ನಮ್ಮ ಅತ್ತೆ ಟಿಕೆಟ್ ಬುಕ್ ಮಾಡಿದ ದಿನವೇ ಕೇಳಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರ ಇರಲಿಲ್ಲ.

ಕ್ರೂಸ್ ಎಂದ ಕೂಡಲೇ ನಿಮ್ಮಲ್ಲಿ ಅನೇಕರು ಕೇಳಿದ ಪ್ರಶ್ನೆಗಳು ನನ್ನ ಹತ್ತಿರ ಪಟ್ಟಿಯಾಗಿ ಇವೆ. ತಲೆ ಸುತ್ತುವುದಿಲ್ಲವೇ, ನಮ್ಮ ಊಟ ಸಿಗುತ್ತದೆಯೇ, ಸೀರೆ ಉಟ್ಟುಕೊಂಡು ಓಡಾಡಬಹುದೇ, ಕ್ಯಾಸಿನೊ ಇರುವ ಕಡೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ. ಎಲ್ಲಕ್ಕೂ ಹೇಳುತ್ತೇನೆ. ಆದರೆ ಹೆಚ್ಚಾಗಿ ಹೇಳಬೇಕೆಂದಿರುವುದು ಅತ್ತೆಯ ಬಗ್ಗೆ. ಅವರು ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರನ್ನು ಕೇಳಿಯೇ ಮಾತಾಡುತ್ತಿದ್ದೇನೆ.

ಮೊದಲು ಹಡಗು. ಹೆಸರು ಎಂಪ್ರೆಸ್, ಕಾರ್ಡೆಲಿಯಾ ಎಂಬ ಕಂಪನಿಯದು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಆಮೇಲೆ ಎಂಪ್ರೆಸ್ ಆಫ್ ದಿ ಸೀಸ್ ಆಯಿತು, ಕೈ ಬದಲಾಗಿ ಬರೀ ಎಂಪ್ರೆಸ್ ಆಯಿತು. "ನನ್ನ ಹಾಗೇ" ಎಂದರು ಅತ್ತೆ. ಅವರಿಗೂ ಮದುವೆಯ ದಿನ ಅಕ್ಕಿಯ ಮೇಲೆ ಬೇರೆ ಹೆಸರು ಬರೆಸಿದ್ದರಂತೆ. ಹಳೆಯ ಹೆಸರು ಕರೆಯುವವರು ಈಗ ಊರಿನಲ್ಲಿ ಒಬ್ಬ ತಮ್ಮ ಮಾತ್ರ. ಈ ಹಡಗು 2021ರಲ್ಲಿ ಮುಂಬೈಯಿಂದ ಓಡಲು ಶುರುವಾಯಿತು. 2022ರ ಜೂನ್‌ನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು ಚೆನ್ನೈಯಿಂದ ಅದಕ್ಕೆ ಚಾಲನೆ ಕೊಟ್ಟರು. ಉದ್ದ 211 ಮೀಟರ್. ಮಗಳಿಗೆ ಅರ್ಥವಾಗಲಿ ಎಂದು ಲೆಕ್ಕ ಹಾಕಿ ಹೇಳಿದೆ, ಬೆಂಗಳೂರು ರೈಲಿನ ಒಂಬತ್ತು ಬೋಗಿ ಸಾಲಾಗಿ ನಿಲ್ಲಿಸಿದಷ್ಟು. ಅದರ ಮೇಲೆ ಹನ್ನೊಂದು ಡೆಕ್.

ಇದು ಚೆನ್ನೈಗೆ ಬರುವುದು ಮಳೆಗಾಲದ ತಿಂಗಳುಗಳಲ್ಲಿ ಎಂಬುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಕಾರಣ ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಅರಬ್ಬೀ ಸಮುದ್ರವನ್ನು ಕಡೆಯುತ್ತಿರುತ್ತದೆ. ಅತ್ತೆ ಹುಟ್ಟಿ ಬೆಳೆದದ್ದು ಕುಂದಾಪುರದ ಹತ್ತಿರ ಕೋಟದಲ್ಲಿ. ಆಷಾಢದ ಕಡಲು ಹೇಗಿರುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ, ಆಗ ದೋಣಿಗಳನ್ನು ದಡಕ್ಕೆ ಎಳೆದು ಮಡಲು ಹೊದೆಸಿ ಇಡುತ್ತಿದ್ದರಂತೆ. ಅದೇ ಹೊತ್ತಿನಲ್ಲಿ ನಮ್ಮ ಕಡೆ ಗಾಳಿ ಭೂಮಿಯಿಂದ ಸಮುದ್ರದ ಕಡೆಗೆ ಬೀಸುವುದರಿಂದ ಚೆನ್ನೈಯ ಕಡಲು ಅಷ್ಟು ಏಳುವುದಿಲ್ಲ. ನಮ್ಮ ಸರದಿ ಬರುವುದು ಅಕ್ಟೋಬರ್ ನಂತರ, ಅದು ಇಲ್ಲಿರುವ ಎಲ್ಲರಿಗೂ ಗೊತ್ತು.

ಹತ್ತುವ ವಿಧಾನ ವಿಮಾನ ನಿಲ್ದಾಣದಂತೆಯೇ. ಗುರುತಿನ ಚೀಟಿ, ಸಾಮಾನು ತಪಾಸಣೆ, ಫೋಟೊ, ಕೈಗೊಂದು ಕಾರ್ಡ್. ಆ ಕಾರ್ಡೇ ಕೋಣೆಯ ಬೀಗದ ಕೈ, ಅದೇ ಪರ್ಸು. ಹೊರಡುವ ಮುಂಚೆ ಎಲ್ಲರಿಗೂ ಒಂದು ಕವಾಯತು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ಎಲ್ಲಿ ಹೋಗಿ ನಿಲ್ಲಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂದು ತೋರಿಸುತ್ತಾರೆ. ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ದೇಶದೇಶಗಳು ಕೂತು ಮಾಡಿಕೊಂಡ ಸುರಕ್ಷತಾ ಒಪ್ಪಂದದಿಂದ ಬೆಳೆದು ಬಂದ ಪದ್ಧತಿ ಅದು. ಸೀರೆಯ ಮೇಲೆ ಲೈಫ್ ಜಾಕೆಟ್ ಸರಿಯಾಗಿಯೇ ಕೂರುತ್ತದೆ. ಒಂದು ಪ್ರಶ್ನೆಗೆ ಉತ್ತರ ಆಯಿತು.

ಹಡಗು ಬಿಟ್ಟಾಗ ನಾವೆಲ್ಲ ಮೇಲಿನ ಡೆಕ್‌ನಲ್ಲಿ ನಿಂತಿದ್ದೆವು. ಪುಟ್ಟ ಟಗ್ ದೋಣಿಗಳು ಇಷ್ಟು ದೊಡ್ಡ ಹಡಗನ್ನು ಬಂದರಿನ ಬಾಯಿಯ ಕಡೆಗೆ ತಿರುಗಿಸುವುದನ್ನು ನೋಡುವುದೇ ಒಂದು ಚಂದ. ನನಗೆ ಅಲ್ಲಿ ನೆನಪಾದವರು ರಾಮಾನುಜನ್. ಗಣಿತ ಓದಿದವರಿಗೆ ಚೆನ್ನೈ ಬಂದರು ಎಂದರೆ ಅವರು ನೆನಪಾಗದೆ ಇರುವುದಿಲ್ಲ. 1912ರಲ್ಲಿ ಇದೇ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿ ಸೇರಿದರು. 1914ರ ಮಾರ್ಚ್ 17ರಂದು ಇಲ್ಲಿಂದಲೇ ನೆವಾಸಾ ಎಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಸಮುದ್ರ ದಾಟಬಾರದು ಎಂಬ ಕಟ್ಟುಪಾಡಿನ ಮನೆ. ನಾಮಕ್ಕಲ್ಲಿನ ನಾಮಗಿರಿ ತಾಯಿ ಕನಸಿನಲ್ಲಿ ಬಂದು ಅಡ್ಡಿ ಮಾಡಬೇಡ ಎಂದಳು ಎಂದು ಅವರ ತಾಯಿ ಒಪ್ಪಿದರು ಎಂಬ ಕಥೆ ಪ್ರಸಿದ್ಧ. ಹೆಂಡತಿ ಜಾನಕಿ ಇಲ್ಲೇ ಉಳಿದರು. ಐದು ವರ್ಷದ ಮೇಲೆ ಕಾಯಿಲೆ ಹಿಡಿದು ಬಂದ ಗಂಡನ ಶುಶ್ರೂಷೆ ಮಾಡಿದರು, 1920ರಲ್ಲಿ ಅವರನ್ನು ಕಳೆದುಕೊಂಡರು. ಮುಂದೆ ಹೊಲಿಗೆ ಕಲಿತು, ನಮ್ಮ ಟ್ರಿಪ್ಲಿಕೇನ್‌ನಲ್ಲಿ ಬಟ್ಟೆ ಹೊಲಿದು ಬದುಕಿದರು. 1994ರವರೆಗೆ ಇದ್ದರು. ಗಂಡನ ಹಡಗಿನ ಹೆಸರು ಕೂಡ ಪುಸ್ತಕಗಳಲ್ಲಿ ಇದೆ. ಜಾನಕಿಯಮ್ಮನವರ ಹೊಲಿಗೆ ಮೆಷಿನ್ನಿನ ಬಗ್ಗೆ ಎಷ್ಟು ಜನ ಬರೆದಿದ್ದಾರೆ? ಇದನ್ನು ನಾನು ಅತ್ತೆಗೆ ಹೇಳಿದಾಗ ಅವರು ಏನೂ ಮಾತಾಡಲಿಲ್ಲ, ಮರೀನಾದ ಲೈಟ್‌ಹೌಸ್ ಕಾಣುವವರೆಗೂ ಕಂಬಿ ಹಿಡಿದು ನಿಂತಿದ್ದರು.

ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಆರಿದವು. ಹಡಗಿನಲ್ಲಿ ವೈಫೈ ಇದೆ, ಅದಕ್ಕೆ ಬೇರೆ ದುಡ್ಡು. ನಾವು ತೆಗೆದುಕೊಳ್ಳಲಿಲ್ಲ. ನನ್ನ ಕೆಲಸದಲ್ಲಿ ಆನ್ ಕಾಲ್ ಎಂಬ ಪದ್ಧತಿ ಇದೆ, ನಿಮ್ಮಲ್ಲಿ ಐಟಿಯವರಿಗೆ ಗೊತ್ತು. ಆ ವಾರ ಸರ್ವರ್ ಬಿದ್ದರೆ ರಾತ್ರಿ ಎರಡು ಗಂಟೆಗೂ ಎದ್ದು ನೋಡಬೇಕು. ಆದರೆ ಅದಕ್ಕೆ ಒಂದು ಪಟ್ಟಿ ಇದೆ. ಈ ವಾರ ನಾನು, ಮುಂದಿನ ವಾರ ಇನ್ನೊಬ್ಬರು. ಆನ್ ಕಾಲ್ ಮಾಡಿದವರಿಗೆ ಭತ್ಯೆ ಇದೆ. ಈ ವಿಷಯ ಯಾಕೆ ಹೇಳಿದೆ ಎಂದು ಆಮೇಲೆ ತಿಳಿಯುತ್ತದೆ.

ನಾವು ತೆಗೆದುಕೊಂಡದ್ದು ಕಿಟಕಿ ಇಲ್ಲದ ಒಳಕೋಣೆ. ದೀಪ ಆರಿಸಿದರೆ ಗವ್ವೆನ್ನುವ ಕತ್ತಲೆ. ಬೆಳಗಾಯಿತೋ ಇಲ್ಲವೋ ತಿಳಿಯುವುದಿಲ್ಲ. ಆದರೂ ಅತ್ತೆಗೆ ನಾಲ್ಕೂವರೆಗೆ ಎಚ್ಚರ. 46 ವರ್ಷದ ಅಭ್ಯಾಸ. ನಾನು ಕಣ್ಣುಬಿಟ್ಟಾಗ ಅವರು ಸ್ನಾನ ಮುಗಿಸಿ, ಸೀರೆ ಉಟ್ಟು, ಹಾಸಿಗೆ ಮಡಿಸಿಟ್ಟು, ಮಂಚದ ತುದಿಯಲ್ಲಿ ಕೈಕಟ್ಟಿ ಕೂತಿದ್ದರು. "ಎಂತ ಮಾಡುವುದು ಅಂತ ತಿಳಿಯಲಿಲ್ಲ" ಎಂದರು. ಹಾಲು ಕಾಯಿಸಬೇಕಾಗಿಲ್ಲ. ಡಿಕಾಕ್ಷನ್ ಇಳಿಸಬೇಕಾಗಿಲ್ಲ. ಮೊಮ್ಮಗಳ ಡಬ್ಬಿಗೆ ಏನು ಹಾಕಲಿ ಎಂದು ಯೋಚಿಸಬೇಕಾಗಿಲ್ಲ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಎಂದು ಗೊತ್ತಾಗದ ಮನುಷ್ಯರ ಹಾಗೆ ಕಾಣಿಸಿದರು.

ಕೋಣೆ ಚೊಕ್ಕಟ ಮಾಡಲು ಬಂದ ಹುಡುಗಿ ಡಾರ್ಜಿಲಿಂಗ್ ಕಡೆಯವಳು. ಮಡಿಸಿಟ್ಟ ಹಾಸಿಗೆ ನೋಡಿ ನಕ್ಕುಬಿಟ್ಟಳು. "ಆಂಟಿ, ಇದನ್ನೂ ನೀವೇ ಮಾಡಿದರೆ ನನ್ನನ್ನು ಮನೆಗೆ ಕಳಿಸುತ್ತಾರೆ" ಎಂದಳು ಹಿಂದಿಯಲ್ಲಿ. ಅತ್ತೆಯ ಹಿಂದಿ ದೂರದರ್ಶನದ ರಾಮಾಯಣದಿಂದ ಬಂದದ್ದು. ಆ ಹಿಂದಿಯಲ್ಲೇ ಎರಡು ದಿನದಲ್ಲಿ ಅವಳ ಇಡೀ ಸಂಸಾರದ ವಿಷಯ ತಿಳಿದುಕೊಂಡರು.

ತಿಂಡಿಗೆ ಹೋದೆವು. ಇಡ್ಲಿ, ಪೊಂಗಲ್, ಪೂರಿ, ಬ್ರೆಡ್ಡು, ಹಣ್ಣು. ಸಸ್ಯಾಹಾರಿಗಳಿಗೆ ಏನೂ ತೊಂದರೆಯಿಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ ಅಡುಗೆಯೂ ಇತ್ತು. ಸಾಂಬಾರಿನ ಬಗ್ಗೆ ಅತ್ತೆಯ ಅಭಿಪ್ರಾಯ ಇಲ್ಲಿ ಬೇಡ. ಅವರ ಯಜಮಾನರು, ಎಂದರೆ ನಮ್ಮ ಮಾವ, ಮೈಲಾಪುರದ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ 30 ವರ್ಷ ಸ್ಟೋರು ನೋಡಿಕೊಂಡವರು. ಆ ಮನೆಯಲ್ಲಿ ಸಾಂಬಾರಿಗೆ ಸುಲಭವಾಗಿ ಪಾಸ್ ಮಾರ್ಕು ಸಿಗುವುದಿಲ್ಲ.

ಬಫೆಯಲ್ಲಿ ಮೇಲ್ವಿಚಾರಣೆ ಮಾಡುತ್ತಿದ್ದ ಒಬ್ಬರು ನಮ್ಮ ಮಾತು ಕೇಳಿ ಹತ್ತಿರ ಬಂದರು. "ಅಮ್ಮ, ನಿಮ್ಮದು ಯಾವ ಊರು?" ಮಂಗಳೂರಿನವರಂತೆ. ಸಮುದ್ರದ ನಡುವೆ ಕನ್ನಡ ಕೇಳಿದರೆ ಆಗುವ ಸಂತೋಷವನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ, ಅದಕ್ಕೇ ಅಲ್ಲವೇ ನಾವೆಲ್ಲ ತಿಂಗಳಿಗೊಮ್ಮೆ ಇಲ್ಲಿ ಸೇರುವುದು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅವರು ಹತ್ತು ನಿಮಿಷ ನಿಂತು ಮಾತಾಡಿದರು. ಅತ್ತೆಯ ಮೊದಲ ಪ್ರಶ್ನೆ, "ಇಷ್ಟು ಜನಕ್ಕೆ ನಾಳೆ ತಿಂಡಿಗೇನು ಅಂತ ಯೋಚನೆ ಮಾಡುವವರು ಯಾರು?"

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಅಡುಗೆಯ ಸರದಿ ಮೊದಲೇ ನಿಗದಿಯಾಗಿರುತ್ತದೆ, ಎಕ್ಸಿಕ್ಯುಟಿವ್ ಶೆಫ್ ಅದನ್ನು ನಡೆಸುತ್ತಾರೆ. ಏನೇನು ಎಷ್ಟೆಷ್ಟು ಬೇಕು, ಬಂದರಿನಲ್ಲಿ ಎಷ್ಟು ಏರಿಸಬೇಕು, ಯಾವುದು ಮೊದಲು ಖರ್ಚಾಗಬೇಕು, ಯಾವುದು ಕೆಡುತ್ತದೆ ಎಂದು ನೋಡುವವರು ಪ್ರಾವಿಷನ್ ಮಾಸ್ಟರ್. ಬಟ್ಟೆ ಒಗೆಯುವ ವಿಭಾಗಕ್ಕೆ ಲಾಂಡ್ರಿ ಮಾಸ್ಟರ್. ಕೋಣೆ, ಹಾಸಿಗೆ, ಗುಡಿಸು ಒರೆಸು ಎಲ್ಲದಕ್ಕೂ ಹೌಸ್‌ಕೀಪಿಂಗ್ ಮುಖ್ಯಸ್ಥರು. ಇವರೆಲ್ಲರ ಮೇಲೆ ಹೋಟೆಲ್ ಡೈರೆಕ್ಟರ್. ಆ ಹುದ್ದೆಯವರ ಭುಜದ ಮೇಲೆ ಕ್ಯಾಪ್ಟನ್ನರ ಹಾಗೆಯೇ ಚಿನ್ನದ ಬಣ್ಣದ ಪಟ್ಟಿಗಳಿರುತ್ತವೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಯೋಚನೆ ಮಾಡುವುದಕ್ಕೂ ಸಂಬಳ ಉಂಟಾ?" ಎಂದು ಕೇಳಿದರು.

"ಅದಕ್ಕೇ ಅಮ್ಮ ಜಾಸ್ತಿ ಸಂಬಳ" ಎಂದರು ಮಂಗಳೂರಿನವರು.

ಅಕ್ಕಂದಿರೇ, ನಾನು ನಿಲ್ಲಬೇಕಾದ ಜಾಗ ಇದು. ನಮ್ಮ ಮಾವ ಹೋಟೆಲಿನ ಸ್ಟೋರು ನೋಡಿಕೊಂಡರು, ಅದಕ್ಕೆ ಸಂಬಳ, ವಾರಕ್ಕೊಂದು ರಜೆ, ದೀಪಾವಳಿಗೆ ಬೋನಸ್ಸು. ಅತ್ತೆ ಮನೆಯ ಸ್ಟೋರು ನೋಡಿಕೊಂಡರು. ಬೇಳೆ ಮುಗಿಯುವುದು ಯಾವತ್ತು, ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತದೆ, ಏಕಾದಶಿ ಯಾವತ್ತು, ಯಾರಿಗೆ ಬದನೆಕಾಯಿ ಆಗುವುದಿಲ್ಲ, ಯಾರ ಸಕ್ಕರೆ ಕಾಯಿಲೆಗೆ ಏನು ಬಿಡಬೇಕು, ಎಲ್ಲ ಅವರ ತಲೆಯಲ್ಲಿ. ನನ್ನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ದೊಡ್ಡ ಡೇಟಾಬೇಸು, ಬ್ಯಾಕಪ್ಪೇ ಇಲ್ಲ. ಬೇಯಿಸುವುದಕ್ಕಾದರೂ ಕುಕ್ಕರ್, ಮಿಕ್ಸಿ, ಗ್ರೈಂಡರ್ ಬಂದವು. ಯೋಚನೆ ಮಾಡುವ ಕೆಲಸಕ್ಕೆ ಯಾವ ಮೆಷಿನ್ನೂ ಬಂದಿಲ್ಲ. ನಾನು ದಿನಕ್ಕೆ ಒಂಬತ್ತು ಗಂಟೆ ಓಎಂಆರ್ ರಸ್ತೆಯ ಒಂದು ಆಫೀಸಿನಲ್ಲಿ ಕೂರುವುದು, ಅದಕ್ಕೂ ಮುಂಚೆ ಕೈಗೂಸು ಇದ್ದಾಗ ಎಂಟೆಕ್ ಮುಗಿಸಿದ್ದು, ಅತ್ತೆ ಮನೆಯಲ್ಲಿದ್ದರು ಎಂಬ ಕಾರಣಕ್ಕೆ. ಇದನ್ನು ನಾನು ಮರೆತವಳೂ ಅಲ್ಲ, ಮುಚ್ಚಿಟ್ಟವಳೂ ಅಲ್ಲ. ಆದರೆ ಅವರು ಮಾಡುವ ಕೆಲಸವನ್ನು ಐದು ಭಾಗ ಮಾಡಿ, ಒಂದೊಂದಕ್ಕೂ ಒಂದೊಂದು ಹುದ್ದೆಯ ಹೆಸರು ಕೊಟ್ಟು, ಭುಜಕ್ಕೆ ಪಟ್ಟಿ ಹಚ್ಚಿ ನಿಲ್ಲಿಸಿದ್ದನ್ನು ನಾನೂ ಅಲ್ಲೇ ಮೊದಲು ಕಂಡದ್ದು.

ಇನ್ನೊಂದು ವಿಷಯವನ್ನೂ ಅವರೇ ಹೇಳಿದರು. ಹಡಗಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ದಿನಕ್ಕೆ ಇಷ್ಟು ಗಂಟೆ ವಿಶ್ರಾಂತಿ ಕೊಡಲೇಬೇಕು, ಅದಕ್ಕೆ ಅಂತರರಾಷ್ಟ್ರೀಯ ಕಾನೂನಿದೆ ಎಂದು. ನಾನು ಮನೆಗೆ ಬಂದ ಮೇಲೆ ಓದಿ ನೋಡಿದೆ. 2006ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮಾಡಿದ ಒಪ್ಪಂದ ಅದು. ಭಾರತ 2015ರಲ್ಲಿ ಒಪ್ಪಿಕೊಂಡಿತು. ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ, ವಾರದಲ್ಲಿ ಕನಿಷ್ಠ 77 ಗಂಟೆ. ಆ ಹತ್ತು ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವ ಹಾಗಿಲ್ಲ, ಒಂದು ತುಂಡು ಕನಿಷ್ಠ ಆರು ಗಂಟೆ ಇರಬೇಕು. ಕೆಲಸದ ವೇಳಾಪಟ್ಟಿಯನ್ನು ಎಲ್ಲರಿಗೂ ಕಾಣುವ ಕಡೆ ಹಚ್ಚಬೇಕು, ವಿಶ್ರಾಂತಿಯ ಲೆಕ್ಕ ಬರೆದಿಟ್ಟು ನೌಕರರ ಸಹಿ ಹಾಕಿಸಬೇಕು. ಕ್ಯಾಪ್ಟನ್ನಿಗೆ, ಎಂಜಿನ್ ರೂಮಿನವರಿಗೆ ಮಾತ್ರ ಅಲ್ಲ, ಪಾತ್ರೆ ತೊಳೆಯುವವರಿಗೂ ಅದೇ ನಿಯಮ.

ಅತ್ತೆ ಕೇಳಿದ್ದು ಒಂದೇ ಮಾತು. "ಈ ಕಾನೂನು ನೀರಿನ ಮೇಲೆ ಮಾತ್ರವಾ? ನೆಲದ ಮೇಲೆ ಇಲ್ಲವಾ?"

ಆ ಮಂಗಳೂರಿನವರು ಜೋರಾಗಿ ನಕ್ಕರು. ನನ್ನ ಗಂಡನೂ ನಕ್ಕರು. ಅತ್ತೆ ನಗಲಿಲ್ಲ.

ನೆಲದ ಮೇಲಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ಎಂದು ಒಂದು ಮಾಡಿತು. ಯಾರು ದಿನದಲ್ಲಿ ಯಾವುದಕ್ಕೆ ಎಷ್ಟು ನಿಮಿಷ ಕೊಡುತ್ತಾರೆ ಎಂಬ ಲೆಕ್ಕ. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರಲ್ಲಿ ಮತ್ತೆ ಮಾಡಿದರು. ಹೆಂಗಸರದು 289 ನಿಮಿಷ ಆಗಿತ್ತು, ಗಂಡಸರದು 88. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಮಿಗಿತು, ಅವರು ಒಂಬತ್ತು ನಿಮಿಷ ಮಿಗಿಸಿಕೊಂಡರು. ಕೂತು ಯೋಚನೆ ಮಾಡುವ ನಿಮಿಷಗಳು ಇದರಲ್ಲಿ ಎಷ್ಟು ಸೇರಿವೆಯೋ! ಸ್ನಾನ ಮಾಡುವಾಗ ನಾಳೆಗೆ ಉದ್ದು ನೆನೆಸಬೇಕು ಎಂದು ನೆನಪಾದರೆ ಅದು ಸ್ನಾನದ ಲೆಕ್ಕಕ್ಕೇ ಹೋಗುತ್ತದೆ.

ಹಾಗೆಂದು ಹಡಗಿನ ಕೆಲಸಗಾರರ ಬಾಳು ಸ್ವರ್ಗ ಎಂದು ತಿಳಿಯಬೇಡಿ. ಹತ್ತು ಗಂಟೆ ವಿಶ್ರಾಂತಿ ಕೊಡಬೇಕು ಎಂದರೆ ಉಳಿದ ಹದಿನಾಲ್ಕು ಗಂಟೆಯವರೆಗೆ ಕೆಲಸ ಮಾಡಿಸಲು ಕಾನೂನು ಜಾಗ ಬಿಟ್ಟಿದೆ ಎಂದೂ ಅರ್ಥ. ಇಂಥ ಹಡಗುಗಳಲ್ಲಿ ಸಾಮಾನ್ಯವಾಗಿ ಆರೆಂಟು ತಿಂಗಳ ಕರಾರು. ಆ ಆರೆಂಟು ತಿಂಗಳೂ ದಿನವೂ ಕೆಲಸ, ಭಾನುವಾರ ಎಂಬುದು ಇಲ್ಲ. ಆಮೇಲೆ ಒಂದೆರಡು ತಿಂಗಳು ಊರು. ನಮ್ಮ ಕೋಣೆಯ ಹುಡುಗಿಗೆ ಮೂರು ವರ್ಷದ ಮಗು ಇದೆ. ಊರಿನಲ್ಲಿ ಅವಳ ತಾಯಿಯ ಹತ್ತಿರ. ಇವಳ ದುಡ್ಡಿನಲ್ಲಿ ಅಲ್ಲಿ ಮನೆ ಏಳುತ್ತಿದೆ. ಗೋಡೆ ಎದ್ದಿದೆ, ತಾರಸಿ ಬಾಕಿ ಎಂದು ಫೋನಿನಲ್ಲಿ ಫೋಟೊ ತೋರಿಸಿದಳು. ಮಗುವಿನ ಫೋಟೊವನ್ನೂ ತೋರಿಸಿದಳು, ಆದರೆ ಅದನ್ನು ಬೇಗ ಮುಚ್ಚಿಬಿಟ್ಟಳು. ಅತ್ತೆಗೆ ಚಿಂತೆಯಾದದ್ದು ಆ ಅಜ್ಜಿಯ ಬಗ್ಗೆ. "ಇವಳಿಗೆ ಹತ್ತು ಗಂಟೆ ರೆಸ್ಟು. ಮೂರು ವರ್ಷದ ಮಗು ನೋಡಿಕೊಳ್ಳುವ ಇವಳ ಅಮ್ಮನಿಗೆ ಎಷ್ಟು?" ಎಂದು ರಾತ್ರಿ ಮಲಗುವಾಗ ಕೇಳಿದರು. ನಾನು ಮಗಳಿಗೆ ಹೊದಿಕೆ ಹೊದೆಸುತ್ತಿದ್ದೆ. ಒಂದು ಕೆಲಸಕ್ಕೆ ಪಟ್ಟಿ, ಸಹಿ, ಸಂಬಳ ಎಲ್ಲ ಬಂದರೂ ಅದರ ಹಿಂದೆ ಇನ್ನೊಬ್ಬ ಹೆಂಗಸು ಯಾವ ಲೆಕ್ಕಕ್ಕೂ ಸಿಗದೆ ನಿಂತಿರುತ್ತಾಳೆ. ನಾನು ಆಫೀಸಿಗೆ ಹೋಗುವುದೂ ಅದೇ ಏರ್ಪಾಟಿನಲ್ಲಿ.

ಎರಡನೆಯ ದಿನ ಅತ್ತೆ ಬೇರೆ ಮನುಷ್ಯರಾಗಿದ್ದರು. ಬೆಳಿಗ್ಗೆ ಹಾಸಿಗೆ ಮಡಿಸಲಿಲ್ಲ. ಮೇಲಿನ ಡೆಕ್‌ಗೆ ಹೋಗಿ ಕುರ್ಚಿ ಹಿಡಿದು ಕೂತರು. ಸಮುದ್ರ ನೋಡಿದರು. ಅಷ್ಟೇ. ಪುಸ್ತಕ ಇಲ್ಲ, ಜಪಮಾಲೆ ಇಲ್ಲ, ಬಟಾಣಿ ಸುಲಿಯುವುದಿಲ್ಲ. ನಾವು ಮರೀನಾ ಮರಳಿನಲ್ಲಿ ನಿಂತು ನೋಡುವಾಗ ದಿಗಂತ ಇರುವುದು ಬರೀ ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ. ಮೂವತ್ತು ಮೀಟರ್ ಎತ್ತರಕ್ಕೆ ಹೋದರೆ ಅದು ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆಗೆ ಸರಿಯುತ್ತದೆ. ಲೆಕ್ಕ ಹೇಳಿದೆ. "ಅದಕ್ಕೇ ಇಷ್ಟು ದೊಡ್ಡದು ಕಾಣುವುದು" ಎಂದರು. ಕೋಟದಲ್ಲಿ ಕಡಲು ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಂತೆ. ಆದರೆ ಹೆಣ್ಣುಮಕ್ಕಳು ಸುಮ್ಮನೆ ಹೋಗಿ ಕೂರುವ ಜಾಗ ಅದಲ್ಲ. ಗ್ರಹಣಕ್ಕೆ, ಅಮಾವಾಸ್ಯೆಗೆ ಸ್ನಾನಕ್ಕೆ ಹೋಗಿ ಒದ್ದೆ ಸೀರೆಯಲ್ಲಿ ಬೇಗಬೇಗ ಮನೆಗೆ ಬರುವುದು. ಚೆನ್ನೈಗೆ ಬಂದ ಮೇಲೆ ಮರೀನಾಕ್ಕೆ ಹೋದದ್ದೆಲ್ಲ ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು, ಸುಂಡಲ್ ಪೊಟ್ಟಣ ಹಂಚಿಕೊಂಡು. ಎರಡು ಗಂಟೆ ಸುಮ್ಮನೆ ಕಡಲು ನೋಡಿದ್ದು ಇದೇ ಮೊದಲು ಎಂದರು. ಎಲ್ಲಿಗೂ ಹೋಗದೆ ಬರುವುದಕ್ಕೆ ದುಡ್ಡು ಯಾಕೆ ಎಂಬ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ನಾನೂ ಕೆದಕಲಿಲ್ಲ.

ನನಗೆ ಮಾತ್ರ ಆ ಸಂಜೆ ಹೊಟ್ಟೆ ತೊಳಸಿತು. ಹಡಗು ಅಷ್ಟೇನೂ ಅಲುಗಾಡುವುದಿಲ್ಲ, ಅದಕ್ಕೆ ನೀರಿನೊಳಗೆ ರೆಕ್ಕೆಯಂಥ ಸ್ಥಿರಕಗಳಿರುತ್ತವೆ. ಆದರೂ ಕಿಟಕಿ ಇಲ್ಲದ ಕೋಣೆಯಲ್ಲಿ ಕಣ್ಣಿಗೆ ಎಲ್ಲ ನಿಂತಿರುತ್ತದೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮಾತ್ರ ಓಲಾಟ ಗೊತ್ತಾಗುತ್ತದೆ. ಎರಡೂ ಜಗಳವಾಡಿದಾಗ ಹೊಟ್ಟೆ ಕೆಡುತ್ತದೆ. ಹೊರಗೆ ಬಂದು ದಿಗಂತ ನೋಡುತ್ತ ನಿಂತರೆ ಸರಿಹೋಗುತ್ತದೆ. ಅತ್ತೆ ಚೀಲದಿಂದ ಒಣಶುಂಠಿ ತೆಗೆದು ಕೊಟ್ಟರು. ಪ್ರಾವಿಷನ್ ಮಾಸ್ಟರ್ ರಜೆಯಲ್ಲಿದ್ದರೂ ಸ್ಟೋರು ತೆರೆದೇ ಇತ್ತು ನೋಡಿ.

ಕ್ಯಾಸಿನೊ ಬಗ್ಗೆ ಕೇಳಿದವರಿಗೆ, ಅದು ತೆರೆಯುವುದು ಹಡಗು ದಡದಿಂದ ದೂರ ಹೋದ ಮೇಲೆ. ನಮ್ಮ ದೇಶದ ನೀರು ದಡದಿಂದ ಹನ್ನೆರಡು ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಅದಕ್ಕೆ ಬೇರೆ ಜಾಗ, ಬೇರೆ ಬಾಗಿಲು. ಮಕ್ಕಳಿಗೆ ಪ್ರವೇಶ ಇಲ್ಲ. ನಾವು ಆ ಕಡೆ ಹೋಗಲಿಲ್ಲ. ಮಗಳು ಈಜುಕೊಳ ಮತ್ತು ಐಸ್‌ಕ್ರೀಮಿನ ನಡುವೆ ಓಡಾಡಿದಳು. ರಾತ್ರಿ ನಾಟ್ಯ, ಮ್ಯಾಜಿಕ್ ಶೋ ಎಲ್ಲ ಇರುತ್ತವೆ, ಚೆನ್ನಾಗಿಯೇ ಇರುತ್ತವೆ.

ಮನೆಗೆ ಬಂದು ಆದದ್ದನ್ನೂ ಹೇಳಬೇಕು. ಮೂರನೇ ದಿನ ಫ್ರಿಜ್ ಮೇಲೆ ಒಂದು ಕಾಗದ ಬಂತು. ಅತ್ತೆಯ ಕೈಬರಹ. ಮಧ್ಯಾಹ್ನ ಎರಡರಿಂದ ಐದು ವಿಶ್ರಾಂತಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಐದು ವಿಶ್ರಾಂತಿ. ಭಾನುವಾರ ಸಂಜೆ ಅಡುಗೆಮನೆ ಬಂದ್. ಕೆಳಗೆ ಸಹಿ. ಎರಡಕ್ಕಿಂತ ಹೆಚ್ಚು ತುಂಡಿಲ್ಲ, ಒಂದು ತುಂಡು ಆರು ಗಂಟೆಗಿಂತ ಹೆಚ್ಚು, ಒಟ್ಟು ಹನ್ನೊಂದು ಗಂಟೆ. ಜಿನೀವಾದವರೂ ತಪ್ಪು ಹಿಡಿಯುವಂತಿಲ್ಲ. ಯೋಚನೆ ಮಾಡುವ ಕೆಲಸವನ್ನು ನಾವು ಮೂವರೂ ವಾರಕ್ಕೊಬ್ಬರಂತೆ ಹಂಚಿಕೊಂಡೆವು. ನಮ್ಮ ಆನ್ ಕಾಲ್ ಪಟ್ಟಿಯ ಹಾಗೆ. ಮೊದಲ ವಾರ ನನ್ನ ಗಂಡನ ಸರದಿ. ಏಳು ದಿನದಲ್ಲಿ ನಾಲ್ಕು ದಿನ ಉಪ್ಪಿಟ್ಟು ಬರೆದಿದ್ದರು. ಯಾರೂ ತಕರಾರು ಮಾಡಬಾರದು ಎಂದು ಅತ್ತೆಯದೇ ಅಪ್ಪಣೆ. ನಾಲ್ಕು ದಿನವೂ ತಿಂದೆವು. ಮೂರನೇ ಸರದಿಯ ಹೊತ್ತಿಗೆ ಅವರು ನನ್ನನ್ನು ಕೇಳದೆ ಗ್ಯಾಸ್ ಬುಕ್ ಮಾಡಿದ್ದರು, ಬೇಳೆ ತಂದಿದ್ದರು.

ಆದರೆ ಪಟ್ಟಿ ಪೂರ್ತಿ ನಿಂತಿದೆ ಎಂದು ಹೇಳಲಾರೆ. ಊರಿನಿಂದ ನೆಂಟರು ಬಂದ ವಾರ ಅತ್ತೆಯೇ ಮಧ್ಯಾಹ್ನ ಮೂರು ಗಂಟೆಗೆ ಒಲೆಯ ಮುಂದೆ ಇದ್ದರು. "ಅವರ ಎದುರಿಗೆ ನಾನು ಮಲಗಿಕೊಂಡಿದ್ದರೆ ಎಂತ ತಿಳಿಯುತ್ತಾರೆ?" ಎಂದರು. ನಾನು ಫ್ರಿಜ್ ಮೇಲಿನ ಸಹಿಯ ಕಡೆ ಬೆರಳು ತೋರಿಸಿದೆ. "ಅದು ಹಡಗಿನ ಕಾನೂನು" ಎಂದು ನನ್ನನ್ನೇ ಆಚೆಗೆ ಕಳಿಸಿದರು. ಈ ವಿಷಯದಲ್ಲಿ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ. ನಿಮ್ಮ ಮನೆಗಳಲ್ಲಿ ಹಿರಿಯರು ಇದನ್ನು ಹೇಗೆ ನೋಡುತ್ತಾರೆ ಎಂದು ತಿಳಿಯುವ ಆಸೆ ನನಗೆ ಇದೆ. ಕಾಫಿಯ ಹೊತ್ತಿನಲ್ಲಿ ಮಾತಾಡೋಣ.

ಕೊನೆಗೆ, ಮುಂದಿನ ಸೀಸನ್‌ನಲ್ಲಿ ವೇದಿಕೆಯಿಂದಲೇ ಒಂದು ಗುಂಪಾಗಿ ಹೋಗೋಣ ಎಂದು ಕಾರ್ಯದರ್ಶಿಯವರು ಹೇಳುತ್ತಿದ್ದರು. ಹೋಗುವವರಿಗೆ ಕೆಲವು ಮಾತು. ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಸಾಮಾನು ಕೋಣೆಗೆ ಬರುವುದು ತಡವಾಗಬಹುದು. ಒಳಗೆ ಎಸಿ ಜೋರಾಗಿರುತ್ತದೆ, ಶಾಲು ಬೇಕು. ತಲೆ ಸುತ್ತುವ ಸ್ವಭಾವದವರು ಡಾಕ್ಟರನ್ನು ಕೇಳಿ ಮಾತ್ರೆ ತನ್ನಿ, ಸಾಧ್ಯವಾದರೆ ಕಿಟಕಿ ಇರುವ ಕೋಣೆ ತೆಗೆದುಕೊಳ್ಳಿ. ಮಂಡಿ ನೋವಿನವರಿಗೆ ಲಿಫ್ಟ್ ಇದೆ, ಆದರೆ ನಡಿಗೆ ಬಹಳ. ಟಿಕೆಟ್ಟಿನ ಬೆಲೆ ದಿನದಿನಕ್ಕೆ ಬದಲಾಗುತ್ತದೆ, ಬೇಗ ನೋಡಿದಷ್ಟೂ ಒಳ್ಳೆಯದು. ತಿಂಡಿಯ ಡಬ್ಬಿ ಕಟ್ಟಿಕೊಂಡು ಬರಬೇಡಿ. ಅತ್ತೆ ಕಟ್ಟಿದ ಚಕ್ಕುಲಿ ಡಬ್ಬಿ ಮುಚ್ಚಳ ತೆಗೆಯದೆ ವಾಪಸು ಬಂತು.

ಹೆಸರು ಕೊಡುವವರು ಇವತ್ತೇ ಕಾರ್ಯದರ್ಶಿಯವರ ಹತ್ತಿರ ಕೊಡಿ. ಅತ್ತೆಯ ಹೆಸರು ಬರೆಸಿ ಆಗಿದೆ. ಈ ಸಲ ಅವರು ಹೆಂಗಸರ ಗುಂಪಿನ ಜೊತೆ ಒಬ್ಬರೇ ಬರುತ್ತಾರಂತೆ.